ಬೇವಿನ ಗಿಡವನ್ನು ಹಿಮದ ದಂಡೆಗೆ ಒಯ್ದವರು

ನನ್ನ ಮೊಮ್ಮಗಳು ವೇಣಿ ಹಿಮದ ಸಮುದ್ರದ ದಂಡೆಗೆ ಹೊರಟಿದ್ದಾಳೆ! ಒಬ್ಬಳೇ. ತಾನೇ ಕಾರು ನಡೆಸಿಕೊಂಡು, ಊರೂರಿಗೆ ನಿಂತು, ಅಲ್ಲಿಯ ಜನರ ಫೋಟೋ ತೆಗೆದುಕೊಂಡು ಬರಲು. ಭೂಮಿಯ ನೆತ್ತಿಯ ಮೇಲೆ ನಾರ್ವೆ ಅಂತ ಒಂದು ದೇಶವಿದೆಯಂತೆ, ಅದರಲ್ಲೂ ಈ ದಂಡೆ ಇರುವುದು ನೆತ್ತಿಯ ತುದಿಯಲ್ಲಿ. ಗೋಡೆಯ ನಕಾಶೆಯಲ್ಲಿ ಅದನ್ನು ನನಗೆ ತೋರಿಸಲು ವೇಣಿ ಸ್ಟೂಲು ಹತ್ತಬೇಕಾಯಿತು. ಸಿಂಧನೂರಿನ ನಮ್ಮ ಓಣಿಯಲ್ಲಿ ನಾನು ಈ ಸುದ್ದಿ ಹೇಳದೆ ಬಿಟ್ಟ ಮನೆ ಒಂದೂ ಇಲ್ಲ. ಹಾಲಿನವಳಿಗೆ ಎರಡು ಸಲ ಹೇಳಿದೆ.

“ಯವ್ವಾ, ನಿನ್ನೆನ ಹೇಳಿದ್ಯಲ್ಲ ಬೇ” ಅಂದಳು ಆಕೆ.

“ನಿನ್ನೆ ಹೇಳಿದ್ದು ಹೋಗ್ತಾಳ ಅಂತ. ಇವತ್ತು ಹೇಳಾಕತ್ತಿದ್ದು ಒಬ್ಬಾಕೀನ ಹೋಗ್ತಾಳ ಅಂತ” ಅಂದೆ.

ಟಿಕೇಟು ಬಂದು ನಾಲ್ಕು ದಿನವಾಯಿತು. ಪಾಸ್‌ಪೋರ್ಟಿಗೆ ವೀಸಾದ ಸಿಕ್ಕಾ ಬಿದ್ದಿದೆ. ಉಳಿದಿರುವುದು ಒಂದೇ: ಆಕೆಯ ಅಪ್ಪ, ನನ್ನ ಮಗ ಅಮರೇಶ, ಹೂಂ ಅನ್ನಬೇಕು. ಕಾಗದಪತ್ರ ನಡೆದಾಗ ಅವನು ಸುಮ್ಮನಿದ್ದ. ಇದೆಲ್ಲ ಎಲ್ಲಿ ಆಗುತ್ತದೆ ಬಿಡು ಅಂದುಕೊಂಡಿದ್ದ. ಟಿಕೇಟು ಕೈಗೆ ಬಂದ ಸಂಜೆಯಿಂದ ಅವನು ನಮ್ಮ ಜೊತೆ ಊಟಕ್ಕೆ ಕೂತಿಲ್ಲ. ತುರ್ವಿಹಾಳದ ಗದ್ದೆಯಿಂದ ಟ್ರ್ಯಾಕ್ಟರ್ ತಂದು ಅಂಗಳದಲ್ಲಿ ನಿಲ್ಲಿಸುತ್ತಾನೆ. ಸೊಸೆ ಕೊಟ್ಟ ತಾಟನ್ನು ಅದರ ಮೇಲೇ ಇಟ್ಟುಕೊಂಡು ತಿನ್ನುತ್ತಾನೆ. ಬೈದರೆ ತಿರುಗಿ ಬೈಯಬಹುದು. ಟ್ರ್ಯಾಕ್ಟರಿನ ಮೇಲೆ ಕೂತು ರೊಟ್ಟಿ ಮುರಿಯುವವನಿಗೆ ಏನು ಹೇಳುವುದು? ಅಪ್ಪ ಹೂಂ ಅನ್ನದೆ ಹೋಗುವುದಿಲ್ಲ ಅಂತ ವೇಣಿಯೂ ಹಟ ಹಿಡಿದಿದ್ದಾಳೆ. ವಿಮಾನಕ್ಕೆ ಇನ್ನು ಒಂಬತ್ತು ದಿನ.

ಆದರೂ ನನ್ನ ಸಂತೋಷಕ್ಕೆ ಮುಚ್ಚಳ ಹಾಕಲು ಆಗುತ್ತಿಲ್ಲ. ಇದಕ್ಕೆಲ್ಲ ಕಾರಣರಾದವರು ತೀರಿಕೊಂಡು ಎರಡು ವರ್ಷವಾಯಿತು. ಅವರ ಬಗ್ಗೆ ಬರೆಯಬೇಕು ಅನ್ನಿಸಿ, ಬೆಳಿಗ್ಗೆಯೇ ವೇಣಿಯ ಒಂದು ನೋಟುಬುಕ್ಕು ಎತ್ತಿಕೊಂಡು ಕೂತಿದ್ದೇನೆ. ನಾನು ಓದಿದ್ದು ಪಾಮನಕಲ್ಲೂರಿನ ಶಾಲೆಯಲ್ಲಿ ಮೂರನೇ ತರಗತಿಯವರೆಗೆ, ಆಮೇಲೆ ಅಪ್ಪನ ಕುರಿಗಳ ಹಿಂದೆ ಹೋದೆ. ತಪ್ಪಿದ್ದರೆ ವೇಣಿ ತಿದ್ದುತ್ತಾಳೆ. ಅವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ ಸರಿ, ಇಡೀ ಊರೇ ಹೇಳುತ್ತಿರಲಿಲ್ಲ. ಎಲ್ಲರಿಗೂ ಅವರು ಫೋಟೋ ಮಾಸ್ತರು.

ಅವರ ಸ್ಟುಡಿಯೋ ಬಸ್ ಸ್ಟ್ಯಾಂಡಿನ ಹತ್ತಿರ. ಅದರ ಪಡಸಾಲೆಯಲ್ಲಿ ನನ್ನ ಹೊಲಿಗೆ ಮಿಷಿನ್ನು. ನಮ್ಮ ಮನೆಯವರು ಹೋದ ಮೇಲೆ, ಎಂಬತ್ತನೇ ಇಸವಿಯ ಆಚೀಚೆ, ಅಲ್ಲಿ ಕೂತವಳು ಹದಿನಾರು ವರ್ಷ ಏಳಲಿಲ್ಲ. ಅವರಿಗೂ ಒಬ್ಬ ಹೊಲಿಗೆಯವಳು ಬೇಕಾಗಿತ್ತು. ಸ್ಟುಡಿಯೋದಲ್ಲಿ ಒಂದು ಕರಿ ಕೋಟು ಇತ್ತು. ಹೆಣ್ಣಿನ ಕಡೆಯವರಿಗೆ ಕಳಿಸುವ ಫೋಟೋ ಇರಲಿ, ಮದುವೆಯಾದ ಮೇಲಿನ ಜೋಡಿ ಫೋಟೋ ಇರಲಿ, ಎಲ್ಲ ಗಂಡುಗಳಿಗೂ ಅದೊಂದೇ ಕೋಟು. ತೆಳ್ಳಗಿದ್ದವರಿಗೆ ನಾನು ಹಿಂದಿನಿಂದ ಮಡಚಿ ಪಿನ್ನು ಚುಚ್ಚುತ್ತಿದ್ದೆ. ದಪ್ಪಗಿದ್ದವರು ಬಂದರೆ ಬೆನ್ನಿನ ಹೊಲಿಗೆ ಬಿಚ್ಚಿ, ಫೋಟೋ ಆದ ಮೇಲೆ ಮತ್ತೆ ಹಾಕುತ್ತಿದ್ದೆ. ಈ ಸೀಮೆಯ ಅರ್ಧ ಮನೆಗಳ ಗೋಡೆಯ ಮೇಲೆ ಆ ಕೋಟು ತೂಗುತ್ತಿದೆ. ನಾನು ಯಾರ ಮನೆಗೆ ಹೋದರೂ ಮೊದಲು ಅದನ್ನೇ ಗುರುತು ಹಿಡಿಯುವುದು, ಆಮೇಲೆ ಅದರೊಳಗಿನ ಗಂಡನ್ನು.

ಫೋಟೋ ತೆಗೆಯುವಾಗ ಮಾಸ್ತರು ಯಾರಿಗೂ ನಗಿರಿ ಅನ್ನುತ್ತಿರಲಿಲ್ಲ. “ಒಂದು... ಎರಡು...” ಅಂದು, ಮೂರು ಅನ್ನುವ ಮೊದಲೇ ಗುಂಡಿ ಒತ್ತಿಬಿಡುತ್ತಿದ್ದರು. “ಮೂರು ಅಂದ್ರ ಮಂದಿ ಕಲ್ಲಾಗ್ತಾರ. ಎರಡಕ್ಕ ಇನ್ನೂ ಮನುಷ್ಯಾರಿರ್ತಾರ” ಎಂಬುದು ಅವರ ಲೆಕ್ಕ. ತುರ್ವಿಹಾಳದ ಒಬ್ಬ ಗೌಡರು ಇದಕ್ಕೆ ತಕರಾರು ತೆಗೆದರು. “ಮೂರು ಎಲ್ಲಿ ಹೋತು ಮಾಸ್ತರ? ಮೂರು ಅನ್ನೂದ್ಕ ನಾ ಮೀಸಿ ತಿರುವಬೇಕಂತ ಮಾಡಿದ್ದೆ” ಅಂದರು. ಮಾಸ್ತರು ಬಹಳ ಮರ್ಯಾದೆಯಿಂದ ಅವರನ್ನು ಮತ್ತೆ ನಿಲ್ಲಿಸಿ, ದೊಡ್ಡ ದನಿಯಲ್ಲಿ ಮೂರು ಎಣಿಸಿ, ಮುಚ್ಚಳ ತೆಗೆಯದ ಕ್ಯಾಮೆರಾದಿಂದ ಇನ್ನೊಂದು ಫೋಟೋ ತೆಗೆದರು. ಗೌಡರಿಗೆ ಹೋದದ್ದು ಎರಡರ ಫೋಟೋವೇ. “ನೋಡ್ರಿ, ಮೂರರದು ಹೆಂಗ ಬಂದೈತಿ!” ಅಂತ ಅವರು ಊರಿಗೆಲ್ಲ ತೋರಿಸಿದರು.

ಇನ್ನು ಅವರ ಪರದೆಗಳು. ಫೋಟೋದವರ ಬೆನ್ನ ಹಿಂದೆ ತೂಗುಬಿಡುವ, ಬಣ್ಣದಲ್ಲಿ ಬರೆದ ದೊಡ್ಡ ಬಟ್ಟೆಯ ಪರದೆ. ಬೇರೆ ಸ್ಟುಡಿಯೋಗಳಲ್ಲಿ ಅರಮನೆ, ಮೆಟ್ಟಿಲು, ಹೂಕುಂಡ ಇರುತ್ತಿದ್ದವು. ನಮ್ಮ ಮಾಸ್ತರರದು ಹಿಮದ ಗುಡ್ಡ, ಅದರ ಬುಡದಲ್ಲಿ ನೀಲಿ ಸಮುದ್ರ. ಮೇ ತಿಂಗಳಲ್ಲಿ ಜನ ಬೆವರು ಒರೆಸಿಕೊಂಡು ಬಂದು ಹಿಮದ ಮುಂದೆ ನಿಲ್ಲುತ್ತಿದ್ದರು. “ಮನಿ ಮುಂದ ದಿನಾ ಕಾಣೂದ್ರ ಮುಂದ ಯಾರು ಫೋಟೋ ತೆಗಿಸ್ಕೊಂತಾರ್ರೀ? ಇಲ್ಲದ್ದನ್ನ ಕೊಡಬೇಕು” ಅನ್ನುತ್ತಿದ್ದರು. ಪಾಮನಕಲ್ಲೂರಿನ ನಮ್ಮ ಚಿಕ್ಕಪ್ಪ ಒಮ್ಮೆ ಅದರ ಮುಂದೆ ನಿಂತವನು, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ, “ಮಾಸ್ತರ, ಹೊದಿಯಾಕ ಏನರ ಕೊಡ್ರಿ, ಫೋಟೋದಾಗ ಮಂದಿ ನೋಡಿದ್ರ ನನಗ ಬುದ್ಧಿ ಇಲ್ಲ ಅಂದಾರು” ಅಂದಿದ್ದ.

ಮಸ್ಕಿಯ ಸಂತೆಗೂ ಲಿಂಗಸುಗೂರಿನ ಕಡೆಗೂ ಅವರು ಪರದೆಯನ್ನು ಬಿದಿರಿಗೆ ಸುತ್ತಿ, ಲೂನಾ ಗಾಡಿಗೆ ಉದ್ದಕ್ಕೆ ಕಟ್ಟಿಕೊಂಡು ಹೋಗುತ್ತಿದ್ದರು. ಗಾಡಿಗಿಂತ ಪರದೆ ಮುಂದೂ ಹೆಚ್ಚು, ಹಿಂದೂ ಹೆಚ್ಚು. ಎತ್ತಿನ ಬಂಡಿಯವರು ದಾರಿ ಬಿಟ್ಟು ಇಳಿಯುತ್ತಿದ್ದರು. ಒಂದು ಸಲ ಬಸ್ಸಿನ ಡ್ರೈವರು ಕಿಟಕಿಯಿಂದ ಕೂಗಿದನಂತೆ, “ಮಾಸ್ತರ, ನಿಮ್ಮ ಗಾಡಿ ಸಣ್ಣದು, ನಿಮ್ಮ ಸಮುದ್ರ ದೊಡ್ಡದು! ಒಂದೀಟು ಮಡಚ್ರಿ!”

ಆರ್.ಎಚ್. ಕ್ಯಾಂಪಿಗೆ ಹೋಗುವಾಗ ಮಾತ್ರ ಬೇರೆ ಪರದೆ. ಅಲ್ಲಿಯವರು ದೇಶ ಬಿಟ್ಟು ಬಂದ ಬಂಗಾಳಿಗಳು. ಅವರಿಗೆಂದೇ ಒಂದು ಅಗಲವಾದ ಹೊಳೆ, ಎರಡು ದೋಣಿ ಬರೆಸಿದ್ದರು. ಮೊದಲ ದಿನ ಒಬ್ಬ ಮುದುಕಿ ಬಂದು ಪರದೆಯ ಮುಂದೆ ನಿಂತಳು, ಆದರೆ ಕ್ಯಾಮೆರಾದ ಕಡೆ ತಿರುಗಲೇ ಇಲ್ಲ. ಹೊಳೆಯನ್ನೇ ನೋಡುತ್ತ ನಿಂತುಬಿಟ್ಟಳು. ಮಗ ಬಂದು ಭುಜ ಹಿಡಿದು ತಿರುಗಿಸಲು ಹೋದ. ಮಾಸ್ತರು ಅವನನ್ನು ಕೈಸನ್ನೆಯಿಂದ ತಡೆದು, ಎರಡು ಎಣಿಸಿ, ಬೆನ್ನಿನ ಫೋಟೋವನ್ನೇ ತೆಗೆದರು. ಅದನ್ನು ಆ ಮನೆಯವರು ಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆ. ಅವತ್ತು ಮಾಸ್ತರು ಸ್ಟುಡಿಯೋಕ್ಕೆ ಬಂದು ಪರದೆಯನ್ನು ಮೂಲೆಗೆ ಒರಗಿಸಿದರು. ಆಮೇಲೆ ನನಗೆ, “ಯವ್ವಾ, ಇಲ್ಲದ್ದು ಬ್ಯಾರೆ, ಕಳಕೊಂಡಿದ್ದು ಬ್ಯಾರೆ ನೋಡು” ಅಂದರು.

ಇದಾದ ಎರಡು ಮೂರು ವರ್ಷಕ್ಕೆ, ಲಿಂಗಸುಗೂರು ಕಡೆಯ ಗಣಿಯಲ್ಲಿ ಯಂತ್ರ ಕೂಡಿಸಲು ಬಂದಿದ್ದ ಒಬ್ಬ ವಿದೇಶಿ ಎಂಜಿನಿಯರ್ ಸಾಹೇಬ ತನ್ನ ಮಗಳನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದ. ಆರು ವರ್ಷದ ಹುಡುಗಿ, ಜೋಳದ ತೆನೆಯ ಬಣ್ಣದ ಕೂದಲು. ಬಿಸಿಲಿಗೆ ಮುಖವೆಲ್ಲ ಕೆಂಪಾಗಿ ಒಂದೇ ಸಮ ಅಳುತ್ತಿತ್ತು. ನಾನು ಎತ್ತಿಕೊಂಡು ಹೋಗಿ ಹಿಮದ ಪರದೆಯ ಮುಂದೆ ನಿಲ್ಲಿಸಿದೆ. ಮಗು ತಿರುಗಿ ನೋಡಿತು. ಅಳು ನಿಂತಿತು. ಬೆರಳು ತೋರಿಸಿ ಏನೋ ಅಂದಿತು. ಸಾಹೇಬ ಕನ್ನಡಕ ತೆಗೆದು ಒರೆಸಿಕೊಂಡ. ತನ್ನ ಹರಕು ಹಿಂದಿಯಲ್ಲಿ, “ಇದು ನಮ್ಮಜ್ಜಿಯ ಮನೆ, ಮನೆ ಒಂದನ್ನೇ ಬರೆಯುವುದು ಮರೆತಿದ್ದಾರೆ, ಅನ್ನುತ್ತಿದ್ದಾಳೆ” ಅಂದ. ಮಾಸ್ತರು ಆ ಹೊತ್ತಿಗೆ ಫೋಟೋ ತೆಗೆದಾಗಿತ್ತು.

ಆ ಫೋಟೋವೇ ಮಾಸ್ತರರನ್ನು ನಾರ್ವೆಗೆ ಎಳೆದದ್ದು. ಸಾಹೇಬ ತನ್ನ ದೇಶಕ್ಕೆ ಹೋದ ಮೇಲೆ ಟಿಕೇಟು ಕಳಿಸಿದ. ತನ್ನ ದಂಡೆಯ ಮೀನುಗಾರರ ಹಳ್ಳಿಗಳಿಗೆ ಒಂದು ಸಲ ಬಂದು ಫೋಟೋ ತೆಗೆಯಿರಿ, ನಾನು ಜೊತೆಗೆ ಕಾರಿನಲ್ಲಿ ಬರುತ್ತೇನೆ ಅಂತ.

ಮಾಸ್ತರು ನನ್ನ ಮಿಷಿನ್ನಿನ ಎದುರು ಬಂದು ಕೂತರು. “ಯವ್ವಾ, ಆ ಊರಾಗ ಏನಿಲ್ಲ ಹೇಳು ನೋಡೋಣ.”

“ಬಿಸಿಲು?”

“ಬ್ಯಾಸಗ್ಯಾಗ ಹೊತ್ತು ಮುಣುಗೂದೇ ಇಲ್ಲಂತ. ಬಿಸಿಲಿಗೇನು ಬರ ಇಲ್ಲ. ಗಿಡ ಇಲ್ಲ. ದಂಡಿಗುಂಟ ಒಂದೂ ಗಿಡ ಇಲ್ಲಂತ.”

“ಯಪ್ಪಾ! ಗಿಡ ಇಲ್ದಿದ್ರ ಮಂದಿ ಎಲ್ಲಿ ಕುಂದರ್ತಾರ್ರೀ?”

ಅಷ್ಟೇ. ಎದ್ದು ಹೋಗಿ ಮಸ್ಕಿಯ ಪೇಂಟರನ ಹತ್ತಿರ ಒಂದು ಬೇವಿನ ಗಿಡ ಬರೆಸಿದರು. ಬುಡಕ್ಕೆ ಕಟ್ಟೆ ಇದ್ದ, ದೊಡ್ಡ ನೆರಳಿನ ಗಿಡ. ಆ ಪೇಂಟರ್ ಲಾರಿಗಳ ಹಿಂದೆ ಚಿತ್ರ ಬರೆಯುವವನು. ಹೇಳದೆಯೇ ಕೊಂಬೆಯ ಮೇಲೊಂದು ನವಿಲು ಕೂರಿಸಿದ. ಯಾಕೆ ಅಂದರೆ, “ನವಿಲು ಬರಿಲಾರ್ದ ಕುಂಚ ತೊಳಿಯಾಕ ಮನಸಾಗಲ್ರಿ ಮಾಸ್ತರ” ಅಂದ. ಪರದೆಗೆ ನಾನು ಅಂಚು ಹೊಲಿದುಕೊಟ್ಟೆ. ಜೊತೆಗೆ ನಮ್ಮಪ್ಪ ನೇಯ್ದ ಕರಿ ಕಂಬಳಿ ಕತ್ತರಿಸಿ ಒಂದು ಕೋಟು ಹೊಲಿದೆ. ಅವರ ಮಟ್ಟಿಗೆ ಅದು ಮೊದಲ ಸ್ವಂತ ಕೋಟು.

ಹದಿನೆಂಟು ದಿನಕ್ಕೆ ಬರುತ್ತೇನೆ ಅಂದು ಹೋದವರು ನಲವತ್ತು ದಿನವಾದರೂ ಬರಲಿಲ್ಲ. ಒಂದು ಕಾಗದವಿಲ್ಲ. ಗಣಿಯಲ್ಲಿ ಆ ಸಾಹೇಬನ ಜೊತೆಯವನೊಬ್ಬ ಇನ್ನೂ ಇದ್ದ. ಸುದ್ದಿ ಬಂದರೆ ಅವನಿಗೆ ಬರಬೇಕು. ಆಗ ಹರೆಯದಲ್ಲಿದ್ದ ನನ್ನ ಅಮರೇಶನೇ ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಕೇಳಿಕೊಂಡು ಬರುತ್ತಿದ್ದ. ಮಾಸ್ತರರ ಹೆಂಡತಿ, ನಾನು ಅಕ್ಕ ಅನ್ನುವವರು, ಸ್ಟುಡಿಯೋದ ಬಾಗಿಲಲ್ಲಿ ಕೂತಿರುತ್ತಿದ್ದರು. ಮಾತಿಲ್ಲ, ಮುಖ ಕಲ್ಲು. ಅಮರೇಶ ದೂರದಿಂದಲೇ ತಲೆ ಅಲ್ಲಾಡಿಸಿ, “ಇಲ್ರೀ ಅಕ್ಕಾರ” ಅನ್ನುತ್ತಿದ್ದ. ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಮುಖ ನನ್ನ ಮಗನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ವೇಣಿಯ ವಿಷಯದಲ್ಲಿ ಅವನನ್ನು ಟ್ರ್ಯಾಕ್ಟರ್ ಹತ್ತಿಸಿ ಕೂರಿಸಿರುವುದೂ ಅದೇ.

ನಲವತ್ತೊಂದನೇ ದಿನ ಮಾಸ್ತರು ರಾಯಚೂರಿನ ಬಸ್ಸಿನಿಂದ ಇಳಿದರು. ಕಂಬಳಿ ಕೋಟಿಗೆ ಕಾಲರೇ ಇರಲಿಲ್ಲ. “ಏನ್ರೀ ಇದು, ಕಾಲರ್ ಎಲ್ಲಿ?” ಅಂತ ನಾನು ಕೇಳಿದರೆ, “ಜಿಂಕಿ ತಿಂದ್ವು” ಅಂದರು. ಕಂಬಳಿಗೆ ನಾವು ಹುಣಸೆ ಬೀಜದ ಗಂಜಿ ಹಾಕುತ್ತೇವಲ್ಲ, ಗಟ್ಟಿಯಾಗಲಿ ಅಂತ. ಅಲ್ಲಿಯ ಜಿಟಿಜಿಟಿ ಮಳೆಗೆ ಆ ಗಂಜಿ ಕರಗಿ, ವಾಸನೆ ಹಬ್ಬಿ, ಆ ನಾಡಿನ ಕೊಂಬಿನ ಹಿಮಜಿಂಕೆಗಳು ಹಿಂದೆ ಹತ್ತಿದವಂತೆ. ಕಾರು ನಿಲ್ಲಿಸಿ ಇಳಿದರೆ ಸಾಕು, ಬಂದು ತೋಳು ನೆಕ್ಕುವುದು. “ನಾ ಫೋಟೋ ತೆಗಿಯಾಕ ಬಗ್ಗಿದ್ದೆ, ಹಿಂದ ಕಾಲರ್ ಹೋಗಿತ್ತು. ಪಾಪ, ಹುಳಿ ತಿಂದಿದ್ದಿಲ್ಲ ಕಾಣಿಸ್ತೈತಿ ಜನ್ಮದಾಗ.”

ಪಡಸಾಲೆಯಲ್ಲಿ ಕೂತು ಅವರು ಹೇಳಿದ್ದನ್ನು ಬರೆಯಹೋದರೆ ನೋಟುಬುಕ್ಕು ಸಾಲದು. ಮುಂಬೈ ವಿಮಾನ ನಿಲ್ದಾಣದಲ್ಲಿ ಬಿದಿರಿಗೆ ಸುತ್ತಿದ್ದು ಏನು ಅಂತ ಕೇಳಿದರೆ ಇವರು ಹಿಂದಿಯಲ್ಲಿ ಬೇವಿನ ಮರ ಅಂದರಂತೆ. ತಪಾಸಣೆಯ ಸಾಹೇಬರು ನಗಲಿಲ್ಲ. ಕೊನೆಗೆ ನೆಲದ ಮೇಲೆ ಬಿಚ್ಚಿ ಹಾಸಿ ತೋರಿಸಬೇಕಾಯಿತು. ಅಲ್ಲಿ ಮುಟ್ಟಿದ ಮೇಲೆ, ಇಬ್ಬರೂ ಹಳ್ಳಿಗಳಿಗೆ ಹೊರಡುವ ಹಿಂದಿನ ದಿನ, ಎಂಜಿನಿಯರ್ ಸಾಹೇಬ ಒದ್ದೆ ಬಂಡೆಯ ಮೇಲೆ ಜಾರಿ ಕಾಲು ಮುರಿದುಕೊಂಡ. ಕಾರಿನ ಕೀಲಿ ಇವರ ಕೈಗೆ ಕೊಟ್ಟು, “ರಸ್ತೆ ಒಂದೇ. ಹೋಗುವಾಗ ಸಮುದ್ರವನ್ನು ಎಡಕ್ಕೆ ಇಟ್ಟುಕೊಳ್ಳಿ, ಬರುವಾಗ ಬಲಕ್ಕೆ” ಅಂದ. ಹರೆಯದಲ್ಲಿ ಕಾಲುವೆ ಸರ್ವೆಯವರ ಜೀಪು ಹೊಡೆದವರು ಇವರು. ಒಬ್ಬರೇ ಹೊರಟರು.

ನಮ್ಮ ಕಡೆ ತಿರುವು ಬಂದರೆ ಹಾರ್ನು ಹೊಡೆಯದೆ ಹೋದವನು ಡ್ರೈವರೇ ಅಲ್ಲ. ಅವರೂ ಪ್ರತಿ ತಿರುವಿಗೂ ಹೊಡೆದರು. ಗುಡ್ಡಕ್ಕೆ ಅಂಟಿಕೊಂಡ ರಸ್ತೆ, ಗಳಿಗೆಗೊಂದು ತಿರುವು. ಮೊದಲ ಹಳ್ಳಿ ಬರುವ ಹೊತ್ತಿಗೆ ಮನೆಮನೆಯಿಂದ ಮುದುಕಿಯರು ಚೀಲ ಹಿಡಿದು ರಸ್ತೆಗೆ ಬಂದು ನಿಂತಿದ್ದಾರೆ! ಆ ದಂಡೆಯಲ್ಲಿ ಹಾರ್ನು ಹೊಡೆಯುವುದು ವಾರಕ್ಕೊಮ್ಮೆ ಬರುವ ಬ್ರೆಡ್ಡಿನ ಗಾಡಿ ಮಾತ್ರವಂತೆ. ಇಳಿದು ನೋಡಿದರೆ ಬ್ರೆಡ್ಡೂ ಇಲ್ಲ, ಬೆಣ್ಣೆಯೂ ಇಲ್ಲ. ಕಂಬಳಿ ಕೋಟಿನ ಕಪ್ಪು ಮನುಷ್ಯ, ಕೈಯಲ್ಲಿ ಬಿದಿರು.

“ನಿಮಗ ಅಂಜಿಕಿ ಆಗ್ಲಿಲ್ಲೇನ್ರೀ?” ಅಂದೆ.

“ನನಗ್ಯಾಕ ಅಂಜಿಕಿ? ಅವರು ಅಂಜಿದ್ರು. ಭಾಷಾ ಬರಂಗಿಲ್ಲ. ಸುಮ್ನ ಪರದೆ ಬಿಚ್ಚಿದೆ.”

ಬಿಚ್ಚಿದ್ದೇ ಸಮುದ್ರದ ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಮುಂದೆ ಬೇವಿನ ಗಿಡ, ಹಿಂದೆ ಮಾಸ್ತರು, ಅವರ ಹಿಂದೆ ಚೀಲದ ಮುದುಕಿಯರು, ಒಣಮೀನಿನ ಹಂದರಗಳ ನಡುವೆ ಓಟ. ಒಬ್ಬ ಮುದುಕಿ ಗಿಡದ ಬುಡವನ್ನು ತಬ್ಬಿ ಹಿಡಿದಳಂತೆ. ಅಷ್ಟು ನಕ್ಕ ಮೇಲೆ ಭಾಷೆ ಯಾಕೆ? ಕಾರಿಗೂ ಹಂದರಕ್ಕೂ ಕಟ್ಟಿ, ಅಂಚಿಗೆ ಕಲ್ಲು ಹೇರಿದರು. ಆ ಮುದುಕಿ ಮನೆಯಿಂದ ಕುರ್ಚಿ ತಂದು, ಗಿಡದ ನೆರಳು ಎಲ್ಲಿ ಬೀಳಬಹುದು ಅಂತ ನೋಡಿ, ಅಲ್ಲಿ ಹಾಕಿಕೊಂಡು, ಉಣ್ಣೆ ಹೆಣೆಯುತ್ತ ಕೂತಳು. ಮಾಸ್ತರು ಎರಡು ಎಣಿಸಿದರು.

ಆಮೇಲೆ ಒಂದು ಹಳ್ಳಿಯವರು ಮುಂದಿನ ಹಳ್ಳಿಗೆ ಹೇಳಿ ಕಳಿಸಿದರು. ಹೋಗುವಾಗ ತಪ್ಪಿದವರು ಬರುವಾಗ ರಸ್ತೆಗೆ ಅಡ್ಡ ನಿಂತರು. ಹದಿನೆಂಟು ದಿನ ನಲವತ್ತಾದದ್ದು ಹಾಗೆ. ಕಾಗದ ಬರೆದಿದ್ದೆ ಅಂತ ಅವರು ಆಣೆ ಹಾಕಿದರು. ಅಕ್ಕ ನಂಬಲಿಲ್ಲ. ಅವರು ಬಂದ ಹತ್ತು ದಿನಕ್ಕೆ ಏಳು ಕಾಗದ ಒಟ್ಟಿಗೆ ಬಂದವು. ಅಕ್ಕ ಗಂಡನನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ, ಏಳನ್ನೂ ಅವರ ಬಾಯಿಂದಲೇ ಓದಿಸಿದರು. ಏಳರಲ್ಲೂ ಕೊನೆಯ ಸಾಲು ಒಂದೇ: ನಾಳೆ ಹೊರಡುತ್ತೇನೆ.

ಫೋಟೋಗಳನ್ನು ತೊಳೆದು ಸ್ಟುಡಿಯೋದ ಗೋಡೆಗೆ ಅಂಟಿಸಿದಾಗ ಸಿಂಧನೂರೇ ಹಿಮ ನೋಡಲು ಬಂತು. ನೋಡಿದರೆ ಗೋಡೆಯ ತುಂಬ ನಮ್ಮ ಬೇವಿನ ಗಿಡ, ನಮ್ಮ ನವಿಲು, ಕೆಳಗೆ ಬಿಳಿ ಮುದುಕಿಯರು. ಎದುರಿನ ಹೋಟೆಲಿನವನು ಬಿದ್ದು ಬಿದ್ದು ನಕ್ಕ. “ಬರ್ಫ್ ಎಲ್ಲೈತ್ರಿ ಮಾಸ್ತರ? ಸಮುದ್ರ ಎಲ್ಲೈತಿ? ಖರೆ ಅಂದ್ರ ನೀವು ಗೋವಾದಾಗ ಕುಂತು ಬಂದೀರಿ!” ಊರಿನ ಅರ್ಧ ಜನ ಇವತ್ತಿಗೂ ಹಾಗೆಯೇ ತಿಳಿದಿದ್ದಾರೆ. ನನಗೂ ಸಿಟ್ಟು ಬಂತು. “ಅಷ್ಟು ದೂರ ಹೋಗಿ ಸಮುದ್ರದ್ದು ಒಂದು ದೊಡ್ಡ ಫೋಟೋ ತೆಗಿಬಾರ್ದೇನ್ರೀ?” ಅಂದೆ.

ಅವರು ಶಾಂತವಾಗಿ ಫೋಟೋಗಳ ಅಂಚು ಕತ್ತರಿಸುತ್ತ ಅಂದರು, “ಸಮುದ್ರ ಅಲ್ಲೇ ಇರ್ತೈತಿ ಬೇ, ಯಾವಾಗ ಹೋದ್ರೂ ಸಿಗ್ತೈತಿ. ಈ ಮುದುಕೇರು ಇರ್ತಾರೇನು?” ಪ್ರತಿಯೊಬ್ಬರ ಫೋಟೋವನ್ನೂ ಒಂದೊಂದು ಲಕೋಟೆಗೆ ಹಾಕಿ ಎಂಜಿನಿಯರ್ ಸಾಹೇಬನಿಗೆ ಕಳಿಸಿದರು, ಮನೆಮನೆಗೆ ಮುಟ್ಟಿಸಲು.

ವೇಣಿ ಹದಿನೈದನೇ ವಯಸ್ಸಿಗೆ ಅವರ ಕೈಕೆಳಗೆ ಕೆಲಸ ಕಲಿಯಲು ಸೇರಿದಳು. ಅವರು ಹೋದ ಮೇಲೆ ಅಕ್ಕ ಕೌಂಟರಿನಲ್ಲಿ ಕೂರುತ್ತಾರೆ, ವೇಣಿ ಕ್ಯಾಮೆರಾ ಹಿಡಿಯುತ್ತಾಳೆ. ಆಕೆಯೂ ಮೂರು ಅನ್ನುವುದಿಲ್ಲ. ಹೋದ ವರ್ಷ ಸ್ಟುಡಿಯೋದ ಹೆಸರಿಗೆ ಒಂದು ಕಾಗದ ಬಂತು. ಬರೆದವಳು ಅವತ್ತು ಅಳುತ್ತ ಬಂದಿದ್ದ ಎಂಜಿನಿಯರನ ಮಗಳು, ಈಗ ದೊಡ್ಡವಳು. ಆ ಮುದುಕಿಯರಲ್ಲಿ ಬಹಳ ಜನ ಈಗ ಇಲ್ಲವಂತೆ. ಆದರೆ ಆ ದಂಡೆಯ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಬೇವಿನ ಗಿಡ, ಅದರ ಕೆಳಗೆ ಅಜ್ಜಿ. ಈಗ ಆ ಅಜ್ಜಿಯರ ಮೊಮ್ಮಕ್ಕಳು ಕೇಳುತ್ತಿದ್ದಾರೆ, ನಮ್ಮದೂ ತೆಗೆಯಲು ಆ ಸ್ಟುಡಿಯೋದವರು ಬರುತ್ತಾರಾ ಅಂತ. ಮಾಸ್ತರು ಇಲ್ಲ ಅಂತ ವೇಣಿ ಬರೆದಳು. ಹಾಗಾದರೆ ನೀನು ಬಾ ಅಂತ ಉತ್ತರ ಬಂತು.

ಇಲ್ಲಿಯವರೆಗೆ ಬೆಳಿಗ್ಗೆ ಬರೆದದ್ದು. ಊಟಕ್ಕೆ ಮೊದಲೇ ಮುಗಿಸಬೇಕು ಅಂದುಕೊಂಡಿದ್ದೆ. ಒಳ್ಳೆಯದಾಯಿತು, ಮುಗಿಸಲಿಲ್ಲ.

ಇಳಿಹೊತ್ತಿಗೆ ಅಕ್ಕ ಮನೆಗೆ ಬಂದರು. ವೇಣಿಯ ಸಪ್ಪೆ ಮುಖ ಸ್ಟುಡಿಯೋದಲ್ಲಿ ನೋಡಿ ನೋಡಿ ಸಾಕಾಗಿ ಬಂದಿದ್ದರಂತೆ. ಅಮರೇಶ ಟ್ರ್ಯಾಕ್ಟರ್ ತಂದು ನಿಲ್ಲಿಸಿದ, ಇಳಿಯಲಿಲ್ಲ. ಅಕ್ಕ ಸೀದಾ ಅದರ ಗಾಲಿಯ ಹತ್ತಿರ ಹೋದರು. ನಾನು, ಸೊಸೆ, ವೇಣಿ ಮೂವರೂ ಬಾಗಿಲಲ್ಲಿ ನಿಂತೆವು.

“ಅಮರೇಶ, ಕೆಳಗ ಇಳಿ. ಕುತ್ತಿಗಿ ಎತ್ತಿ ಮಾತಾಡಾಕ ಆಗಂಗಿಲ್ಲ ನನಗ.”

“ಏನು ಹೇಳ್ತೀರಂತ ಗೊತ್ತೈತ್ರಿ ಅಕ್ಕಾರ. ನಮ್ಮವ್ವ ಕಳಿಸ್ಯಾಳ.”

“ನಿಮ್ಮವ್ವನ ಮಾತು ಕೇಳಿ ನಾ ಯಾವತ್ತು ನಡದೀನಲೇ?”

ಅವನು ಇಳಿಯಲಿಲ್ಲ. ಸ್ಟೀರಿಂಗನ್ನೇ ನೋಡುತ್ತ ಅಂದ, “ಅಕ್ಕಾರ, ಆ ನಲವತ್ತು ದಿನ ನಿಮ್ಮ ಮಕ ನೋಡಿದಾಂವ ನಾನು. ಲಿಂಗಸುಗೂರಿಂದ ಬಂದು ಇಲ್ರೀ ಅಂತ ಹೇಳಿದಾಂವ ನಾನು. ಹಂಗ ಬಾಗಲಾಗ ನನ್ನ ಹೇಂತಿ ಕುಂದ್ರೂದು ಬ್ಯಾಡ. ನಾ ಕುಂದ್ರೂದೂ ಬ್ಯಾಡ.”

ಅಕ್ಕ ಗಾಲಿಗೆ ಕೈ ಊರಿದರು. ಆಮೇಲೆ ನಗಲು ಶುರು ಮಾಡಿದರು. “ಅಯ್ಯ ನನ್ನಪ್ಪ! ನಾ ಅಂಜಿ ಕುಂತಿದ್ದೆ ಅಂತ ತಿಳಿದಿದ್ದೇನು ಇಷ್ಟು ವರ್ಷ?”

“ಮತ್ತ?”

“ಸಿಟ್ಟಿಗೆ ಕುಂತಿದ್ದೆ! ನಾನೂ ಬರ್ತೀನಿ ಅಂದಿದ್ದೆ ಅವ್ರಿಗೆ. ಜಾಗ ಇಲ್ಲ ಅಂದ್ರು. ಪರದೆಗೆ ಜಾಗ ಇತ್ತು, ನವಿಲಿಗೆ ಜಾಗ ಇತ್ತು, ನನಗ ಇದ್ದಿಲ್ಲ. ಬಂದ ಮ್ಯಾಲ ಏನೇನು ಬೈಬೇಕು ಅಂತ ಕುಂತು ಜೋಡಿಸ್ಕೊಂತಿದ್ದೆ. ನೀ ಬಂದಾಗೊಮ್ಮೆ ಇಲ್ರೀ ಅಂದ್ರ, ಇನ್ನೂ ಎರಡು ಬೈಗುಳ ಕೂಡಸ್ತಿದ್ದೆ.”

ಸೊಸೆ ಸೆರಗು ಬಾಯಿಗೆ ಹಿಡಿದಳು. ಅಮರೇಶನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಕ್ಕನ ದನಿ ಇಳಿಯಿತು.

“ಒಂದೆರಡು ದಿನ ಅಂಜಿದ್ದೂ ಖರೆ, ಇಲ್ಲ ಅನ್ನಂಗಿಲ್ಲ. ಅವ್ರು ಬಂದ ದಿನಾನ ಆ ಅಂಜಿಕಿ ಹೋತು. ನಾ ಹೋಗ್ಲಿಲ್ಲಲ್ಲ ಅನ್ನೂದು ಇನ್ನೂ ಹೋಗಿಲ್ಲ ನೋಡಪ್ಪ. ಅದನ್ನ ನಿನ್ನ ಮಗಳಿಗೆ ಕೊಡಬ್ಯಾಡ.”

ಅಮರೇಶ ಟ್ರ್ಯಾಕ್ಟರಿನಿಂದ ಇಳಿದ. ನಮ್ಮ ಕಡೆ ನೋಡದೆ, ಚಪ್ಪಲಿಯನ್ನೂ ಮೆಟ್ಟದೆ, ಓಣಿಯ ಆಚೆ ಹೊರಟುಹೋದ. “ಹೋತು, ಇನ್ನೊಂದು ವಾರ ಮಾತಿಲ್ಲ” ಅಂದಳು ಸೊಸೆ. ವೇಣಿ ಒಳಗೆ ಹೋಗಿ ಸುಮ್ಮನೆ ಹಿಟ್ಟು ನಾದತೊಡಗಿದಳು. ನಾನು ಅಕ್ಕನನ್ನು ಊಟ ಮಾಡದೆ ಹೋಗಬೇಡಿ ಅಂತ ಕೂರಿಸಿದೆ. ರೊಟ್ಟಿ ಬಡಿದೆವು, ಪುಂಡಿಪಲ್ಯ ಇತ್ತು, ಶೇಂಗಾ ಹಿಂಡಿ ಇತ್ತು. ನಾಲ್ಕು ತಾಟು ಹಾಕಿದೆವು. ಸೊಸೆ ಐದನೆಯದನ್ನು ಎಂದಿನಂತೆ ಹೊರಗೆ ಒಯ್ಯಲು ತುಂಬುತ್ತಿದ್ದಳು.

ಅಷ್ಟರಲ್ಲಿ ಅವನು ಬಂದ. ಕೈಕಾಲು ತೊಳೆದುಕೊಂಡು ಒಳಗೆ ಬಂದು, ವೇಣಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಸೊಸೆ ತುಂಬಿದ ತಾಟು ಹಿಡಿದು ನಿಂತೇ ಇದ್ದಳು.

“ಇಲ್ಲಿಡು” ಅಂದ. ಒಂದು ತುತ್ತು ತಿಂದು, ಮಗಳ ಮುಖ ನೋಡದೆ ಅಂದ, “ಫೋನಿನ ಬೂತಿನಾಂವಗ ಹೇಳಿ ಬಂದೀನಿ. ದಿನಾ ಸಂಜಿ ಆರಕ್ಕ ನಾ ಅಲ್ಲಿ ಕುಂತಿರ್ತೀನಿ. ಕಾಗದ ಗೀಗದ ನಡಿಯಂಗಿಲ್ಲ. ಫೋನ್ ಬರಬೇಕು.”

ವೇಣಿ ಮೆಲ್ಲಗೆ, “ಅಪ್ಪಾ, ಯಾವ ಆರು? ಅಲ್ಲಿ ಹೊತ್ತು ಮುಣುಗೂದೇ ಇಲ್ಲ” ಅಂದಳು.

“ಸಿಂಧನೂರಿನ ಆರು! ಅವರ ಹೊತ್ತು ಕಟಗೊಂಡು ನನಗೇನಾಗಬೇಕು?” ಅಂದ ಅಮರೇಶ. “ಮತ್ತ, ಅಲ್ಲಿ ಗಾಡಿ ರಸ್ತೆದ ಬಲಕ್ಕ ಹೊಡಿತಾರಂತ, ನಿನಗ ಗೊತ್ತಿಲ್ಲ. ನಾಳಿ ಗದ್ದಿಗೆ ಬಾ. ಟ್ರ್ಯಾಕ್ಟರ್ ಬಲಕ್ಕ ಹೊಡದು ರೂಢಿ ಮಾಡ್ಕೋ.”

“ತುರ್ವಿಹಾಳದ ರಸ್ತಾದಾಗ ಬಲಕ್ಕ ಹೊಡದ್ರ ಬಸ್ಸಿನವರು ಬಿಡ್ತಾರೇನಲೇ?” ಅಂದರು ಅಕ್ಕ.

“ಗದ್ದ್ಯಾಗ ರೀ ಅಕ್ಕಾರ, ಗದ್ದ್ಯಾಗ!”

ಮೊದಲು ಸೊಸೆ ನಕ್ಕಳು, ಆಮೇಲೆ ಎಲ್ಲರೂ. ಸೊಸೆಯೂ ತನ್ನ ತಾಟಿನ ಮುಂದೆ ಬಂದು ಕೂತಳು. ನಾನು ರೊಟ್ಟಿ ಮುರಿಯುವುದನ್ನು ಮರೆತು ಅವರನ್ನೇ ನೋಡುತ್ತ ಕೂತಿದ್ದೆ. ಅಮರೇಶ ಅದನ್ನು ನೋಡಿ, ನನ್ನ ತಾಟಿನ ರೊಟ್ಟಿ ಮುರಿದು, ಪಲ್ಯ ಸುತ್ತಿ, ನನ್ನ ಕೈಗೆ ಕೊಟ್ಟು, “ತಿನ್ನು ಬೇ” ಅಂದ. ತಿಂದೆ. ಐದೂ ಜನ ಒಂದೇ ಸಾಲಿನಲ್ಲಿ, ಬುಟ್ಟಿಯ ರೊಟ್ಟಿ ಮುಗಿಯುವವರೆಗೆ ತಿಂದೆವು.